ನಿಂತು ಒರೆಸುವ ನೆಲ

ಫೆಲೀಸಾ ಬಕೆಟ್ಟಿನ ಪೆಡಲನ್ನು ಕಾಲಿಂದ ಒತ್ತಿದಳು. ಎರಡು ಉರುಳೆಗಳ ನಡುವೆ ಸಿಕ್ಕ, ಒರೆಸುಕೋಲಿನ ತುದಿಯ ನೂಲಿನ ಕುಚ್ಚು ನೀರನ್ನೆಲ್ಲ ಕಕ್ಕಿತು. "ನೋಡಮ್ಮ, ಕೈ ಒದ್ದೆಯಾಗಲ್ಲ, ಮಂಡಿ ಊರೋದೂ ಬೇಡ," ಎಂದು ಉದ್ದನೆಯ ಕೋಲನ್ನು ತಾಯಿಯ ಕೈಗೆ ಕೊಟ್ಟಳು. ಸರಗೋಸಾ ನಗರದ ಹೊಸ ಕಾರ್ಖಾನೆಯಲ್ಲಿ ಈ ಕೋಲು, ಬಕೆಟ್ಟುಗಳನ್ನು ಜೋಡಿಸುವವಳು ಅವಳೇ. ತಾಯಿ ಬೆನೀತಾಳ ಬಡಕಲು ಕಾಲಿಗೆ ಭಾರವಾಗದಿರಲೆಂದು ಪೆಡಲಿನ ಸ್ಪ್ರಿಂಗನ್ನು ಸಡಿಲಿಸಿ ತಂದಿದ್ದಳು.

ಎದುರುಮನೆಯ ಕಸಿಲ್ದಾ ತನ್ನ ಬಾಗಿಲಲ್ಲೇ ನಿಂತು ನಕ್ಕಳು. "ಏನೇ ಬೆನೀತಾ, ಮಹಾರಾಣಿ ಥರ ನಿಂತ್ಕೊಂಡು ನೆಲ ಒರೆಸ್ತೀಯಾ? ಇನ್ನು ನಮ್ಮನ್ನೆಲ್ಲ ಮಾತಾಡಿಸ್ತೀಯೋ ಇಲ್ವೋ!" ಬೆನೀತಾಳೂ ನಕ್ಕಳು. ಒಲೆಯ ಬುಡದಿಂದ ಒರೆಸುತ್ತ ಬಂದವಳು, ಹೋದ ಬೇಸಿಗೆಯಲ್ಲಿ ಎಬ್ರೊ ನದಿಯ ಪಾಲಾದ ಮಗ ಆಂದ್ರೆಸನ ಟೋಪಿ ತೂಗುತ್ತಿದ್ದ ಗೋಡೆಯ ಹತ್ತಿರ ನಿಂತುಬಿಟ್ಟಳು. ಕೆನ್ನೆಯ ಮೇಲೆ ನೀರಿಳಿಯಿತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಕೋಲಿತ್ತು. ಅದನ್ನು ಕಂಡ ಕಸಿಲ್ದಾ ತನ್ನ ಬಾಗಿಲು ಹಾಕಿಕೊಂಡಳು.

"ಮಂಡಿ ನೋಯ್ತಿದ್ಯಾ ಅಮ್ಮ?"

"ಮಂಡಿಯಲ್ಲ ಕಣೇ. ದಿನಾ ಇಲ್ಲಿಗೆ ಬಂದಾಗ ಅಳ್ತಿದ್ದೆ. ಮಂಡಿಯೂರಿ ಉಜ್ಜೋವಾಗ ಬಗ್ಗಿಸಿದ ಮುಖ ಯಾರಿಗೆ ಕಾಣುತ್ತೆ? ನೆಲ ಹೇಗೂ ಒದ್ದೆಯಾಗೇ ಇರ್ತಿತ್ತು. ಇದು ನೋಡು, ನನ್ನನ್ನ ಎಲ್ಲರ ಮುಂದೆ ನಿಲ್ಲಿಸಿಬಿಡ್ತು."

ಫೆಲೀಸಾ ತಾಯಿಯ ಕೈಯಿಂದ ಕೋಲು ತೆಗೆದು ಬಾಗಿಲ ಹಿಂದೆ ಒರಗಿಸಿದಳು. ಅವಳು ಮಂಡಿಯೂರಿ ಉಜ್ಜುತ್ತಿದ್ದ ಹಳೆಯ ಗೋಣಿಬಟ್ಟೆಯನ್ನು ತಂದುಕೊಟ್ಟು, ಬಕೆಟ್ಟಿನ ನೀರನ್ನೆಲ್ಲ ನೆಲದ ಮೇಲೆ ಸುರಿದಳು.