ಲ್ಯಾಪ್‌ಟಾಪ್ ಎದ್ದು ಕೂತ ಮೇಲೆ

ಕಪ್ಪು ಪರದೆಯ ಮೇಲೆ ಸಿಕ್ಕ ಡಿಸ್ಕ್‌ಗಳ ಪಟ್ಟಿ ಮೂಡಿತು. ಅದರಲ್ಲಿ ಪೆನ್‌ಡ್ರೈವ್ ಇತ್ತು. ಲ್ಯಾಪ್‌ಟಾಪಿನ ಡಿಸ್ಕ್ ಇರಲಿಲ್ಲ.

"ಏನಾತಪಾ?" ಗಾದೆಪ್ಪ ಹಿಂದಿನಿಂದ ಬಗ್ಗಿ ಕೇಳಿದ.

"ಡಿಸ್ಕ್ ಕಾಣವಲ್ದುರಿ. ನೋಡ್ತೀನಿ, ಆಗ್ತೈತಿ."

ಆಗಲೇಬೇಕಿತ್ತು. ಹಡಗಲಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟು, ಸಂಜೆ ಪಾಠವನ್ನೂ ಹೇಳುವ ಕ್ರಾಂತಿಕುಮಾರನಿಗೆ ಇದು ಬರೀ ರಿಪೇರಿಯಲ್ಲ. ಗಾದೆಪ್ಪನ ಮಗಳು ಚಂದನಾ ಅವನ ಪಾಠಕ್ಕೆ ಬರುತ್ತಿದ್ದವಳು, ಈಗ ಅವನ ಜೀವ. ಮನೆಯವರಿಗೆ ಸುಳಿವಿಲ್ಲ. ಈಚೆಗೆ ಅವಳು ಫೋನ್ ಎತ್ತುತ್ತಿಲ್ಲ. ಮನೆಗೆ ಬಂದು ಕೇಳುವ ಧೈರ್ಯ ತನಗಿಲ್ಲವೆಂದು ಮುನಿಸಿಕೊಂಡಿದ್ದಾಳೆಂದು ಅವನು ತಿಳಿದಿದ್ದ. ಅಷ್ಟರಲ್ಲಿ ಅವಳಪ್ಪನೇ ಕರೆಸಿದ್ದ. ಲ್ಯಾಪ್‌ಟಾಪ್ ಎದ್ದು ಕೂತ ಕೂಡಲೇ ಹೆಣ್ಣು ಕೇಳಿಬಿಡುವುದೆಂದು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ.

ಪೆನ್‌ಡ್ರೈವಿನಲ್ಲಿ ಇದ್ದದ್ದು ಪುಟ್ಟದೊಂದು ವ್ಯವಸ್ಥೆ. ಲ್ಯಾಪ್‌ಟಾಪ್ ತಾನಾಗಿ ಏಳದಿದ್ದಾಗ ಇದು ಎದ್ದು ಒಳಗೆ ಇಣುಕುತ್ತದೆ. ಯಂತ್ರದ ಒಂದೊಂದು ಭಾಗವನ್ನೂ ಗುರುತಿಸಿ ನಡೆಸುವ ತಂತ್ರಾಂಶವೇ ಡ್ರೈವರ್; ಹಗುರವಾಗಿರಲೆಂದು ಇದರಲ್ಲಿ ಅವನ್ನು ಕಡಿಮೆ ಇಟ್ಟಿರುತ್ತಾರೆ. ತಕ್ಕ ಡ್ರೈವರ್ ಇಲ್ಲದಿದ್ದರೆ ಕಣ್ಣೆದುರಿಗಿರುವ ಡಿಸ್ಕ್ ಕೂಡ ಇದಕ್ಕೆ ಕಾಣದು.

ಮಾಗಳದಿಂದ ಬಂದಿದ್ದ ಗಾದೆಪ್ಪನ ಅಕ್ಕ ಮೈಲಮ್ಮ ಎಲೆ ಅಡಿಕೆ ಮೆಲ್ಲುತ್ತ ಅವನನ್ನೇ ನೋಡುತ್ತಿದ್ದಳು. "ಯಾವೂರಪಾ ನಿಂದು?"

"ಕೊಟ್ಟೂರ್ರಿ."

"ಯಾರ ಪೈಕಿ?"

ಹೇಳಿದ.

"ಹಂಗಾರ ನಮ್ಮೋರ ಬಿಡು. ರಾಹುಕಾಲ ಹಿಡಿಯೋದ್ರೊಳಗ ಇದು ಚಾಲೂ ಆಗಬೇಕು ನೋಡು. ಛಲೋ ಕೆಲಸ ಐತಿ."

ಕ್ರಾಂತಿಕುಮಾರ ಸುತ್ತ ಕಣ್ಣಾಡಿಸಿದ. ಪಡಸಾಲೆಯಲ್ಲಿ ಹೊಸ ಜಮಖಾನ, ನೆಂಟರು, ತಟ್ಟೆ ತುಂಬ ಬಾಳೆಹಣ್ಣು. ರಿಪೇರಿ ಬರೀ ನೆಪ, ಇವರು ನೋಡುತ್ತಿರುವುದು ತನ್ನನ್ನೇ!

ಚಂದನಾ ಚಹಾ ತಂದಳು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ.

"ಆಗಂಗಿಲ್ಲ ಅನಿಸಿದ್ರ ಬಿಟ್ಟುಬಿಡ್ರಿ ಸರ್," ಎಂದಳು. "ನಾಳೆ ನೋಡಿದ್ರಾತು."

"ನನ್ನ ಕೈಲೆ ಆಗದ್ದು ಯಾವುದೈತ್ರೀ?"

ಅವಳ ಕೈಯ ಲೋಟ ಮಗುಚಿತು. ಚಹಾ ತಾಗುವಷ್ಟರಲ್ಲಿ ಅವನು ಲ್ಯಾಪ್‌ಟಾಪನ್ನು ಎತ್ತಿಕೊಂಡ. ಮೈಲಮ್ಮ ಬೈದಳು. ಚಂದನಾ ತಲೆ ಎತ್ತದೆ ಚೆಲ್ಲಿದ್ದನ್ನು ಒರೆಸಿದಳು. ಪಾಪ, ನಾಚಿಕೆ, ಎಂದು ಅವನು ಒಳಗೊಳಗೇ ಹಿಗ್ಗಿದ.

ಮೊದಲ ಡ್ರೈವರ್ ಒಗ್ಗಲಿಲ್ಲ. ಇನ್ನೊಂದನ್ನು ಹಾಕಿದ. ಪಟ್ಟಿಯಲ್ಲಿ ಡಿಸ್ಕ್ ಮೂಡಿತು. ಅದೇ ಡ್ರೈವರನ್ನು ಲ್ಯಾಪ್‌ಟಾಪಿನ ಸ್ವಂತ ವ್ಯವಸ್ಥೆಗೂ ಸೇರಿಸಿ, ಆರಿಸಿ ಹಚ್ಚಿದ. ಎದ್ದಿತು. ಆದರೆ ಕ್ಯಾಮೆರಾ ಸತ್ತಿತ್ತು, ದನಿಯೂ ಇಲ್ಲ. ಅವುಗಳ ಡ್ರೈವರ್‌ಗಳನ್ನು ಯಾರೋ ಕೂತು ಕಿತ್ತುಹಾಕಿದಂತಿತ್ತು.

"ಮುಖ ಕಾಣಬೇಕಪಾ, ಮಾತೂ ಕೇಳಬೇಕು," ಎಂದಳು ಮೈಲಮ್ಮ.

ಅವನ್ನೂ ಸರಿಮಾಡಿದ. ಪರದೆಯಲ್ಲಿ ತನ್ನದೇ ಮುಖ ಕಂಡಾಗ ಕೂದಲು ನೇವರಿಸಿಕೊಂಡ. ಬಾಗಿಲಿಗೆ ಒರಗಿದ್ದ ಚಂದನಾಳ ಕಣ್ಣು ತುಂಬಿತ್ತು. ಸಂತೋಷಕ್ಕೇ ಎಂದುಕೊಂಡು ಅವನು ಗಾದೆಪ್ಪನತ್ತ ತಿರುಗಿದ.

"ಗಾದೆಪ್ಪಾರ, ಒಂದು ಮಾತು ಕೇಳಬೇಕಿತ್ತು..."

"ತಡಿಯಪಾ, ವ್ಯಾಳ್ಯಾ ಮೀರತೈತಿ." ಗಾದೆಪ್ಪ ಅವನನ್ನು ಪಕ್ಕಕ್ಕೆ ಸರಿಸಿ ಏನನ್ನೋ ಒತ್ತಿದ. ವಿಡಿಯೊ ಕರೆಯ ಗಂಟೆ ಬಾರಿಸಿತು. ಪರದೆ ತುಂಬ ಸಮವಸ್ತ್ರದ ತರುಣನೊಬ್ಬ ಕೈ ಮುಗಿದು ನಕ್ಕ.

"ಇವನ ಗಂಡು, ಮೈಲಾರೇಶ. ಮಿಲಿಟ್ರಿಯಾಗ ಅದಾನ," ಗಾದೆಪ್ಪ ಕ್ರಾಂತಿಕುಮಾರನ ಬೆನ್ನು ತಟ್ಟಿದ. "ನಾಳಿಂದ ಗಡಿ ಮ್ಯಾಲ ಇರ್ತಾನ, ನೆಟ್‌ವರ್ಕ್ ಸಿಗಂಗಿಲ್ಲ. ಹೆಣ್ಣು ನೋಡೋದು ಇವತ್ತ ಆಗಬೇಕಿತ್ತು. ಸಣ್ಣ ಫೋನಿನ್ಯಾಗ ಹಿರೇರಿಗೆ ಏನು ಕಾಣತೈತಿ? ಮಾನ ಉಳಿಸಿದಿ ನೋಡು."

ನೆಂಟರೆಲ್ಲ ಪರದೆಯತ್ತ ಸರಿದರು. ಸೆರಗು ಹೊದ್ದು ಅದರ ಮುಂದೆ ಕೂರಲು ಬಂದ ಚಂದನಾ ಅವನ ಪಕ್ಕದಲ್ಲಿ ಗಳಿಗೆ ನಿಂತಳು.

"ಮನ್ಯಾಗ ಫೋನ್ ಮುಟ್ಟಾಕ ಬಿಡವಲ್ರು. ಅದನ್ನ ಕೆಡಿಸಿದಾಕಿ ನಾನ," ಎಂದು ಪಿಸುಗುಟ್ಟಿದಳು. "ನೀ ಬಂದು ಆಗಂಗಿಲ್ಲ ಅಂತಿ ಅಂತ ಕಾದಿದ್ದೆ."