ಗ್ರಹಣದ ಪಾಠ

"ಒಂದೇ ಒಂದು ಗಂಟೆ ಹಾಕ್ಕೊಳ್ಳೋ, ನಿನ್ನ ಮೈಯೇನೂ ಸವೆಯಲ್ಲ," ಎಂದು ಅಣ್ಣ ಲ್ಯಾಬಿನ ಬಿಳಿ ಕೋಟನ್ನು ಉಸ್ತಾದರ ಕೈಗೆ ತುರುಕಿದ. ಅಣ್ಣ ಆ ಶಾಲೆಯ ಕಾರ್ಯದರ್ಶಿ. ತಮ್ಮನಾದ ಉಸ್ತಾದರು ಅಲ್ಲೇ ಹೆಣ್ಣುಮಕ್ಕಳಿಗೆ ಇಸ್ಲಾಂ ಧರ್ಮಪಾಠ ಹೇಳುವವರು.

"ಇದೇನಣ್ಣ, ವಿಜ್ಞಾನದ ಮೇಷ್ಟ್ರು ಸಿಗ್ತಾನೇ ಇಲ್ಲ ಅಂತಿದ್ದೆ?"

"ಮೇಷ್ಟ್ರು ಸಿಕ್ಕಿಲ್ಲ. ಅವನ ಸಂಬಳದ ಅನುದಾನ ಮಾತ್ರ ಮೂರು ವರ್ಷದಿಂದ ಬರ್ತಿದೆ." ಅಣ್ಣ ಮುಖ ಕೊಟ್ಟು ಮಾತಾಡಲಿಲ್ಲ. "ಹೇಗೋ ಖರ್ಚಾಯ್ತು, ಬಿಡು. ಯಾರೋ ದೂರು ಕೊಟ್ಟಿದ್ದಾರೆ, ಶಿಕ್ಷಣ ಇಲಾಖೆ ಆಫೀಸರಮ್ಮ ಬಂದು ಗೇಟಲ್ಲಿ ಇಳೀತಿದ್ದಾರೆ. ಬುದ್ಧಿಗೂ ದೇವವಾಣಿಗೂ ಜಗಳವಿಲ್ಲ, ಎರಡೂ ಒಂದೇ ಮನೆ ಮಕ್ಕಳು ಅಂತ ವರ್ಷಗಟ್ಟಲೆ ನಮ್ಮ ತಲೆ ತಿಂದವನು ನೀನೇ ತಾನೆ? ಇವತ್ತು ಇಬ್ಬರ ಸಂಸಾರಾನೂ ನೀನೇ ತೂಗಿಸು."

ಉಸ್ತಾದರು ಕೋಟನ್ನು ತಿರುಗಿಸಿ ನೋಡಿದರು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಇಟ್ಟಿಗೆ ಹೊತ್ತು, ತಾನು ಅರೆಹೊಟ್ಟೆ ಉಂಡು ತಮ್ಮನನ್ನು ಓದಿಸಿದ್ದು ಇದೇ ಅಣ್ಣ. ಕಳ್ಳನೇ ಇರಬಹುದು; ಆದರೆ ಅವನ ಕೈಗೆ ಕೋಳ ಬೀಳುವುದನ್ನು ಈ ಕಣ್ಣಿಂದ ನೋಡುವುದುಂಟೇ? ಹಾಳಾಗಿ ಹೋಗಲಿ ಎಂದುಕೊಂಡು ಕೋಟಿಗೆ ತೋಳು ತೂರಿಸಿದರು.

ತರಗತಿಯಲ್ಲಿ ಹುಡುಗಿಯರು ನಗು ತಡೆಯಲು ತುಟಿ ಕಚ್ಚಿ ಕೂತಿದ್ದರು. ಇವತ್ತು ಉಸ್ತಾದರನ್ನು ಸರ್ ಎಂದೇ ಕರೆಯಬೇಕೆಂದು ಅವರಿಗೆ ತಾಕೀತಾಗಿತ್ತು. ಮುಂದಿನ ಬೆಂಚಿನಲ್ಲಿ ಅಣ್ಣನ ಮಗಳಿದ್ದಳು. ನರ್ಸ್ ಆಗಬೇಕೆಂಬ ಹುಚ್ಚು ಅವಳಿಗೆ. ಹೇಳಿಕೊಡುವವರಿಲ್ಲದೆ ವಿಜ್ಞಾನದ ಪುಸ್ತಕವನ್ನು ಒಬ್ಬಳೇ ಉರು ಹೊಡೆಯುತ್ತಿದ್ದಳು, ಪಾಪ. ಅರ್ಧಕ್ಕರ್ಧ ತಲೆಗೆ ಹತ್ತುತ್ತಿರಲಿಲ್ಲ.

"ಇಲ್ಲಿ ವಿಜ್ಞಾನದ ಮೇಷ್ಟ್ರೇ ಇಲ್ಲವಂತೆ," ಎಂದರು ಆಫೀಸರಮ್ಮ ಕೊನೆಯ ಬೆಂಚಿನಲ್ಲಿ ಕೂರುತ್ತ. "ನಿಜವಾದ್ರೆ ಸೋಮವಾರವೇ ಒಬ್ಬರನ್ನ ಕಳಿಸೋದು ಅಂತ ಬಂದೆ. ಯಾವುದಾದ್ರೂ ಪಾಠ ಮಾಡಿ, ನೋಡೋಣ."

ಉಸ್ತಾದರಿಗೆ ಗೊತ್ತಿದ್ದ ವಿಜ್ಞಾನವೆಂದರೆ ಗ್ರಹಣವೊಂದೇ. ಹಲಗೆಯ ಮೇಲೆ ಸೂರ್ಯ, ಚಂದ್ರ, ಭೂಮಿ ಬರೆದರು. ನೆರಳು ಬೀಳುವುದನ್ನು ತೋರಿಸುತ್ತಿದ್ದಂತೆ ನಾಲಿಗೆ ತಾನಾಗಿ ಹಳೆಯ ದಾರಿ ಹಿಡಿಯಿತು. "ಪ್ರವಾದಿಯವರ ಪುಟ್ಟ ಮಗ ತೀರಿಕೊಂಡ ದಿನವೇ ಗ್ರಹಣ ಹಿಡೀತು, ಮಕ್ಕಳೇ. ನೋಡಿ, ಮಗುವಿಗಾಗಿ ಸೂರ್ಯನೂ ದುಃಖಪಡ್ತಿದ್ದಾನೆ ಅಂದ್ರು ಜನ. ಮಗನನ್ನ ಆಗ ತಾನೇ ಕಳಕೊಂಡ ತಂದೆ ಏನು ಮಾಡಿದ್ರು? ಹಾಗಲ್ಲ, ಯಾರು ಹುಟ್ಟಿದ್ರೂ ಸತ್ತರೂ ಅದಕ್ಕಾಗಿ ಗ್ರಹಣ ಹಿಡಿಯಲ್ಲ ಅಂತ ಜನರನ್ನ ತಿದ್ದಿದ್ರು. ದೇವರ ಮಾತು ತಂದವರೇ ಬುದ್ಧಿಯ ಮಾತನ್ನೂ ಕಾಯ್ದರು."

ಅಣ್ಣನ ಮಗಳು ಎದ್ದು ನಿಂತಳು. "ಸರ್, ಪ್ರವಾದಿಯವರು ಸುಳ್ಳೇನೂ ಹೇಳಬೇಕಿರಲಿಲ್ಲ. ಸುಮ್ಮನಿದ್ದಿದ್ರೂ ಸಾಕಿತ್ತು. ಅವರಿಗೇ ಹೆಸರು ಬರ್ತಿತ್ತು. ಯಾಕೆ ಸುಮ್ಮನಿರಲಿಲ್ಲ?"

ಬಾಗಿಲಲ್ಲಿ ನಿಂತಿದ್ದ ಅಣ್ಣನ ಮುಖದಲ್ಲಿ ರಕ್ತವಿರಲಿಲ್ಲ. ಉತ್ತರವೇನೋ ಉಸ್ತಾದರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಹೇಳಿದರೆ, ನಾನು ವಿಜ್ಞಾನದ ಮೇಷ್ಟ್ರಲ್ಲ ಎಂಬ ಮಾತೂ ಅದರ ಬೆನ್ನಿಗೇ ಹೊರಬೀಳುತ್ತದೆ ಎಂದು ಅವರಿಗೆ ಭಯವಾಯಿತು. "ಕೂತ್ಕೋ," ಎಂದು ಗದರಿದರು. ಪ್ರಶ್ನೆ ಕೇಳಿದ ಮಗುವನ್ನು ಅವರು ಗದರಿದ್ದು ಅದೇ ಮೊದಲು.

"ಭೇಷ್!" ಎಂದು ಆಫೀಸರಮ್ಮ ಎದ್ದರು. "ಇಂಥವರು ಇರುವಾಗ ಇನ್ನೊಬ್ಬರು ಯಾಕೆ? ಆ ಮೇಷ್ಟ್ರನ್ನ ಬೇರೆ ಶಾಲೆಗೆ ಹಾಕ್ತೀನಿ." ಅಣ್ಣ ಹಲ್ಲು ಕಿರಿಯುತ್ತ ಅವರನ್ನು ಕಾರಿನವರೆಗೆ ಬಿಡಲು ಓಡಿದ. ಗಂಟೆ ಹೊಡೆಯಿತು, ಹುಡುಗಿಯರು ದಡಬಡ ಹೊರಗೆ ಹೋದರು.

ಅವಳು ಮಾತ್ರ ನಿಂತಲ್ಲೇ ನಿಂತಿದ್ದಳು. "ಆಫೀಸರು ಹೋದ್ರು. ಈಗಲಾದ್ರೂ ಹೇಳಿ, ಚಿಕ್ಕಪ್ಪ. ಅವರು ಯಾಕೆ ಸುಮ್ಮನಿರಲಿಲ್ಲ?"

ಉಸ್ತಾದರು ಕಿಟಕಿಯತ್ತ ನೋಡಿದರು. ಕಾರು ಹೊರಟಾಗಿತ್ತು, ಅಣ್ಣ ಇನ್ನೂ ಕೈ ಬೀಸುತ್ತಲೇ ಇದ್ದ.

"ಅವರಿಗೆ ಅಣ್ಣ ಇರಲಿಲ್ಲ, ಮಗಳೇ," ಎಂದರು.