ಬೂದು ಬಟ್ಟೆಯವಳು

ಬೂದು ಬಟ್ಟೆ ಕಣ್ಣಿಗೆ ಬಿದ್ದದ್ದೇ ತಡ, ಕಲಾವಿದೆ ತಾನೇ ನೇಯ್ದು ತೂಗುಹಾಕಿದ್ದ ಪರದೆಗಳ ಹಿಂದೆ ಸರಿದುಕೊಂಡಳು.

ಗ್ಯಾಲರಿಯ ಬಾಗಿಲಲ್ಲಿ ಹೆಂಗಸೊಬ್ಬಳು ನಿಂತಿದ್ದಳು. ಮಣಿಕಟ್ಟು ಮುಚ್ಚುವ ತೋಳು, ಹಿಮ್ಮಡಿ ಮುಟ್ಟುವ ನಿಲುವಂಗಿ, ಹುಬ್ಬಿನಿಂದ ಗಲ್ಲದವರೆಗೆ ಬಿಗಿದ ಮುಸುಕು. ಪಂಥದವರ ಬಟ್ಟೆ. ಕೊನೆಗೂ ಬಂದೇಬಿಟ್ಟರು.

ಕಲಾವಿದೆ ಪಂಥ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಭಯ ಅವಳನ್ನು ಬಿಟ್ಟಿರಲಿಲ್ಲ. ಅಲ್ಲಿ ಬಣ್ಣ ಕೂಡದು, ಕನ್ನಡಿ ಕೂಡದು. ಹೆಂಗಸರು ಮನೆಯೊಳಗೂ ಮುಸುಕು ತೆಗೆಯುವಂತಿಲ್ಲ, ಪಿಸುಮಾತಿಗಿಂತ ದನಿ ಏರಿಸುವಂತಿಲ್ಲ. ಮಿಕ್ಕವರೆಲ್ಲ ಪ್ರಾರ್ಥನೆಯಲ್ಲಿದ್ದ ಒಂದು ಬೆಳಿಗ್ಗೆ, ಇನ್ನೂ ಹುಡುಗಿಯಾಗಿದ್ದ ಅವಳು ತೊಟ್ಟ ಬಟ್ಟೆಯಲ್ಲೇ ಕಾಲ್ಕಿತ್ತಿದ್ದಳು. ನೀನೂ ಬಾ ಎಂದು ತಾಯಿಯನ್ನು ಅಂಗಲಾಚಿದ್ದಳು. ತಾಯಿ ತುಟಿಪಿಟಕ್ಕೆನ್ನಲಿಲ್ಲ. ಬೆನ್ನ ಹಿಂದೆ ಚಿಲಕ ಬಿದ್ದ ಸದ್ದಷ್ಟೇ ಕೇಳಿಸಿತ್ತು.

ಅಂದು ತೊಟ್ಟಿದ್ದ ಅಂಗಿಯನ್ನು ಎಳೆ ಎಳೆಯಾಗಿ ಬಿಚ್ಚಿ, ಕೆಂಪು ನೂಲು ಬೆರೆಸಿ ಮಗ್ಗಕ್ಕೇರಿಸಿದ್ದಳು. ತಾನು ಯಾರೆಂದು ಹುಡುಕುವುದಕ್ಕೆ ಕೂತರೆ ಪ್ರತಿ ಸಲವೂ ಮೂಡುತ್ತಿದ್ದವಳು ತಾಯಿಯೇ. ಈ ಪ್ರದರ್ಶನದ ನಟ್ಟನಡುವೆಯೂ ಆಳೆತ್ತರದ ನೂಲಿನ ಗೊಂಬೆಯಾಗಿ ತಾಯಿ ತೂಗುತ್ತಿದ್ದಳು: ಬೂದು ಮುಸುಕು, ಸೊಂಟದಲ್ಲಿ ಕೀಲಿಗೊಂಚಲು, ಬಾಯಿಗೆ ದಪ್ಪ ಹೊಲಿಗೆ. ನೋಡಿದವರು ಇಂಥ ತಾಯಿಯೂ ಇರುತ್ತಾಳೆಯೇ ಎಂದು ಲೊಚಗುಟ್ಟುತ್ತಿದ್ದರು.

ಕಲಾವಿದೆಗೆ ಆ ಮರುಕ ತಾಗುತ್ತಿರಲಿಲ್ಲ. ಅವಳು ಜನರ ಮುಖ ನೋಡುತ್ತಲೇ ಇರಲಿಲ್ಲ. ಕಣ್ಣೆಲ್ಲ ಬಾಗಿಲಲ್ಲಿ, ಬೂದು ಬಣ್ಣಕ್ಕಾಗಿ. ಮೋಡ ಕವಿದರೂ ಪಂಥದವರು ಬಂದರು ಅಂತೀಯಲ್ಲ ಎಂದು ಗ್ಯಾಲರಿಯ ಯಜಮಾನಿ ನಗಾಡುತ್ತಿದ್ದಳು. ಮೊನ್ನೆ ಹಳದಿ ಅಂಗಿಯ ವಯಸ್ಸಾದವಳೊಬ್ಬಳು ಆ ತಾಯಿಯ ಮುಂದೆ ಬಹಳ ಹೊತ್ತು ನಿಂತು, ಒಡಕು ದನಿಯಲ್ಲಿ ಗಟ್ಟಿಯಾಗಿಯೇ ಕೇಳಿದ್ದಳು: "ನಿಮ್ಮ ತಾಯಿ ಇನ್ನೂ ಹೀಗೇ ಇದಾರಾ?"

"ಕಲ್ಲು ಕರಗಿದ್ರೂ ಅವಳು ಕರಗಲ್ಲ," ಎಂದಿದ್ದಳು ಕಲಾವಿದೆ, ಬಾಗಿಲಿನಿಂದ ಕಣ್ಣು ಕೀಳದೆ.

ಈಗ ಹೆಜ್ಜೆ ಸಪ್ಪಳ ಹತ್ತಿರವಾಗುತ್ತಿತ್ತು. ಯಜಮಾನಿ ಊಟಕ್ಕೆ ಹೋಗಿದ್ದಳು. ಬೆನ್ನಿಗೆ ಗೋಡೆ, ಸುತ್ತ ತನ್ನದೇ ನೇಯ್ಗೆ. ಬೋನಿಗೆ ಬಿದ್ದ ಇಲಿಯಂತೆ ಅವಳು ಉಸಿರು ಹಿಡಿದಳು. ಓಡಬೇಕೆಂದರೆ ಆ ನೇಯ್ಗೆಯನ್ನೇ ಹರಿಯಬೇಕು. ಕೈ ಬರಲಿಲ್ಲ.

ಪರದೆ ಸರಿಯಿತು.

"ಪುಟ್ಟೀ," ಎಂದಿತು ಮುಸುಕಿನೊಳಗಿನ ಪಿಸುದನಿ.

ಆ ಪಿಸುದನಿಯನ್ನು ಅವಳು ನಿದ್ದೆಯಲ್ಲೂ ಗುರುತಿಸಬಲ್ಲಳು. ಮತ್ತೆ ಆ ಬಣ್ಣವಿಲ್ಲದ ಮನೆಯೊಳಗೆ ನಿಂತಂತಾಯಿತು.

"ನಾನು ಬರಲ್ಲ ಅಮ್ಮ," ಎಂದಳು. "ಎಳ್ಕೊಂಡು ಹೋದ್ರೂ ಬರಲ್ಲ. ಅವರೇ ತಾನೆ ನಿನ್ನ ಕಳಿಸಿದ್ದು?"

"ಯಾರೂ ಕಳಿಸಿಲ್ಲ. ನೀನು ಹೋದ ಮರುವರ್ಷವೇ ನಾನೂ ಬಿಟ್ಟೆ. ಅವತ್ತಿಂದ ಹುಡುಕ್ತಾನೇ ಇದೀನಿ."

ಸುಳ್ಳು. ಕಲಾವಿದೆಯ ಕಣ್ಣು ಮುಸುಕಿನಿಂದ ನಿಲುವಂಗಿಯ ಅಂಚಿನವರೆಗೆ ಇಳಿಯಿತು.

"ಹಾಗಾದ್ರೆ ಈ ಬಟ್ಟೆ ಯಾಕೆ?"

"ನಿನ್ನ ಗೊಂಬೆ ನೋಡ್ಕೊಂಡು ನಿನ್ನೆ ಹೊಲ್ಕೊಂಡೆ ಕಣೇ, ಹಳದಿ ಅಂಗೀಲಿ ದಿನಾ ಬಂದೆ, ಮಾತಾಡಿಸ್ದೆ, ನೀನು ಗುರುತೇ ಹಿಡೀಲಿಲ್ಲ."